ಢಸಾಳರ ಕವಿತೆಯನ್ನು ಕವಿತೆಯಾಗಿ ಓದಿ: ವಿಮರ್ಶಕರಿಗೂ ಪಠ್ಯ ಸಮಿತಿಗಳಿಗೂ ಒಂದು ಬಹಿರಂಗ ಪತ್ರ

ಕನ್ನಡದ ವಿಮರ್ಶಕರಿಗೆ, ವಿಶ್ವವಿದ್ಯಾಲಯಗಳ ಪಠ್ಯ ಆಯ್ಕೆ ಸಮಿತಿಗಳ ಸದಸ್ಯರಿಗೆ, ಭಾರತೀಯ ಕಾವ್ಯದ ಅನುವಾದ ಸಂಕಲನಗಳನ್ನು ಸಿದ್ಧಪಡಿಸುವ ಸಂಪಾದಕರಿಗೆ,

ಮಾನ್ಯರೇ,

ಮರಾಠಿ ಕವಿ ನಾಮದೇವ ಢಸಾಳರ ಮೊದಲ ಸಂಕಲನ ‘ಗೋಲಪಿಠಾ’ 1972ರಲ್ಲಿ ಪ್ರಕಟವಾಯಿತು. ಅದಾಗಿ ಅರ್ಧ ಶತಮಾನ ಕಳೆದ ಮೇಲೂ ಆ ಪುಸ್ತಕದ ಬಗ್ಗೆ ನಮ್ಮ ಸಭೆಗಳಲ್ಲಿ, ತರಗತಿಗಳಲ್ಲಿ, ಮುನ್ನುಡಿಗಳಲ್ಲಿ ಕೇಳಿಬರುವ ಮಾತು ಹೆಚ್ಚು ಬದಲಾಗಿಲ್ಲ. ಒಂದು ಕಡೆಯವರು ಅದನ್ನು ಅಶ್ಲೀಲವೆಂದು ಬದಿಗಿಡುತ್ತಾರೆ. ಇನ್ನೊಂದು ಕಡೆಯವರು ಅದನ್ನು ಆಕ್ರೋಶದ ಸ್ಫೋಟವೆಂದು, ಹಸಿಹಸಿ ಬದುಕಿನ ದಾಖಲೆಯೆಂದು ಕೊಂಡಾಡುತ್ತಾರೆ. ಈ ಎರಡು ತೀರ್ಪುಗಳು ಪರಸ್ಪರ ವಿರುದ್ಧವೆಂದು ಮೇಲ್ನೋಟಕ್ಕೆ ಅನ್ನಿಸಿದರೂ, ಈ ಕವಿತೆಗಳಲ್ಲಿ ಕಟ್ಟೋಣವನ್ನು ಹುಡುಕಬೇಕಾದ ಅಗತ್ಯವಿಲ್ಲ ಎಂಬ ವಿಷಯದಲ್ಲಿ ಎರಡೂ ಕಡೆಯವರಿಗೆ ಒಮ್ಮತವಿದೆ. ನನ್ನ ತಕರಾರು ಆ ಒಮ್ಮತದ ಬಗ್ಗೆ. ಬೈದವರಿಂದ ಢಸಾಳರ ಕಾವ್ಯಕ್ಕೆ ಆದ ಹಾನಿಗಿಂತ ಹೊಗಳಿದವರಿಂದ ಆದ ಹಾನಿ ಕಡಿಮೆಯೇನಲ್ಲ ಎಂದು ನಾನು ನಂಬಿದ್ದೇನೆ. ಅದನ್ನು ಕವಿತೆಗಳನ್ನೇ ಮುಂದಿಟ್ಟುಕೊಂಡು ತೋರಿಸಲು ಈ ಪತ್ರ ಬರೆಯುತ್ತಿದ್ದೇನೆ.

2025ರ ಆರಂಭದಲ್ಲಿ, ಢಸಾಳರ ಕವಿತೆಗಳನ್ನು ಬಳಸಿಕೊಂಡ ಮರಾಠಿ ಚಲನಚಿತ್ರವೊಂದಕ್ಕೆ ಪ್ರಮಾಣಪತ್ರ ಕೇಳಿದಾಗ, ಅದರಲ್ಲಿನ ಪದ್ಯಗಳಿಗೆ ಸೆನ್ಸಾರ್ ಮಂಡಳಿಯಿಂದ ಆಕ್ಷೇಪ ಬಂತೆಂದೂ, ‘ಯಾರು ಈ ನಾಮದೇವ ಢಸಾಳ?’ ಎಂಬ ಪ್ರಶ್ನೆಯೂ ಬಂತೆಂದೂ ವರದಿಯಾಯಿತು. ಮಹಾರಾಷ್ಟ್ರದ ಲೇಖಕರು, ಕಾರ್ಯಕರ್ತರು ಸಿಟ್ಟಿಗೆದ್ದರು. ಅವರ ಸಿಟ್ಟು ನ್ಯಾಯವಾದದ್ದೇ. 1999ರಲ್ಲಿ ಪದ್ಮಶ್ರೀಯನ್ನೂ, 2004ರಲ್ಲಿ ಸಾಹಿತ್ಯ ಅಕಾಡೆಮಿಯ ಸುವರ್ಣ ಮಹೋತ್ಸವದ ಜೀವಮಾನ ಸಾಧನೆಯ ಗೌರವವನ್ನೂ ಪಡೆದ ಕವಿಯ ಬಗ್ಗೆ ಬಂದ ಪ್ರಶ್ನೆ ಅದು. ಆದರೆ ಗೌರವಗಳ ಪಟ್ಟಿಯನ್ನು ಮುಂದೆ ಹಿಡಿದರೆ ಆ ಪ್ರಶ್ನೆಗೆ ಉತ್ತರ ಕೊಟ್ಟಂತಾಗುವುದಿಲ್ಲ. ಕವಿಯನ್ನು ವೇದಿಕೆಯ ಮೇಲೆ ಕೂರಿಸಿ ಶಾಲು ಹೊದಿಸಿದ ನಾವು ಅವರ ಕವಿತೆಯ ಒಂದು ಸಾಲಿನ ನಡಿಗೆಯನ್ನಾದರೂ ಬಿಡಿಸಿ ಹೇಳಿದ್ದೇವೆಯೇ? ಗಡಿಭಾಗದಲ್ಲಿ ಮರಾಠಿಯನ್ನು ಕೇಳುತ್ತ ಓದುತ್ತ ಬೆಳೆದ ಕನ್ನಡಿಗನಾಗಿ, ಇಲ್ಲಿನ ಒಂದು ಕಾಲೇಜಿನ ವಿಚಾರ ಸಂಕಿರಣದಲ್ಲಿ ನಾನು ಕಂಡದ್ದು ಬೇರೆಯೇ. ಢಸಾಳರ ಮೇಲೆ ಮಂಡನೆಯಾದ ಪ್ರಬಂಧದಲ್ಲಿ ಅವರ ಹುಟ್ಟು, ಬಡತನ, ಟ್ಯಾಕ್ಸಿ ಓಡಿಸಿದ ದಿನಗಳು, ಅವರು ಗೆಳೆಯರೊಂದಿಗೆ ಕಟ್ಟಿದ ದಲಿತ ಪ್ಯಾಂಥರ್ ಚಳವಳಿ ಎಲ್ಲವೂ ಸವಿಸ್ತಾರವಾಗಿ ಬಂದವು. ಕವಿತೆಯಿಂದ ಎತ್ತಿಕೊಂಡದ್ದು ನಾಲ್ಕು ಬೈಗುಳ ಮಾತ್ರ. ಸಭಿಕರು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಬಿದ್ದದ್ದು ಧೈರ್ಯಕ್ಕೆ. ಕಾವ್ಯದ ಬಗ್ಗೆ ಅಲ್ಲಿ ಯಾರೂ ಮಾತಾಡಿರಲಿಲ್ಲ.

ಢಸಾಳರು ಶೂನ್ಯದಿಂದ ಸಿಡಿದು ಬಂದವರಲ್ಲ. 1949ರಲ್ಲಿ ಪುಣೆ ಜಿಲ್ಲೆಯ ಹಳ್ಳಿಯೊಂದರಲ್ಲಿ ದಲಿತ ಸಮುದಾಯವಾದ ಮಹಾರ್ ಕುಟುಂಬದಲ್ಲಿ ಹುಟ್ಟಿ, ಬಾಲ್ಯದಲ್ಲೇ ಮುಂಬಯಿಗೆ ಬಂದು, ಅಲ್ಲಿನ ವೇಶ್ಯಾವಾಟಿಕೆಯಾದ ಕಾಮಾಠಿಪುರದ ಆಸುಪಾಸಿನಲ್ಲಿ ಬೆಳೆದವರು ಎಂಬುದು ಎಲ್ಲರಿಗೂ ಗೊತ್ತು. ಅವರು ಕವಿಯಾಗಿ ಬೆಳೆದದ್ದು ಮರಾಠಿಯ ಕಿರುಪತ್ರಿಕೆಗಳ ಲೋಕದ ನಡುವೆ ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. 1950ರ ದಶಕದಲ್ಲಿ ಅರುಣ ಕೊಲಟ್ಕರ್, ದಿಲೀಪ ಚಿತ್ರೆ ಮತ್ತು ಗೆಳೆಯರು ಸೈಕ್ಲೋಸ್ಟೈಲ್ ಮಾಡಿ ಹೊರತಂದ ‘ಶಬ್ದ’ದಿಂದ ಹಿಡಿದು, ಅಶೋಕ ಶಹಾಣೆ, ರಾಜಾ ಢಾಲೆ ಮೊದಲಾದವರು ನಡೆಸಿದ ಪತ್ರಿಕೆಗಳವರೆಗೆ, ದೊಡ್ಡ ಪ್ರಕಾಶಕರ ಕೃಪೆಗೆ ಕಾಯದ ಒಂದು ತಲೆಮಾರು ತನ್ನ ಓದುಗರನ್ನು ತಾನೇ ಹುಟ್ಟಿಸಿಕೊಂಡಿತ್ತು. ಮರಾಠಿ ಅಭಿರುಚಿಯ ಕಾವಲುಗಾರನಂತಿದ್ದ ‘ಸತ್ಯಕಥಾ’ ಮಾಸಿಕದ ಸಂಚಿಕೆಯನ್ನು 1969ರಲ್ಲಿ ಬಹಿರಂಗವಾಗಿ ಸುಟ್ಟವರು ಇದೇ ಬಳಗದವರು. ಅದಕ್ಕೂ ಹಿಂದೆ, ಬಾ. ಸೀ. ಮರ್ಢೇಕರರ ನವ್ಯ ಕವಿತೆಗಳ ಮೇಲೆ ಅಶ್ಲೀಲತೆಯ ಮೊಕದ್ದಮೆ ನಡೆದಿತ್ತು. ಹೀಗೆ ಢಸಾಳರ ಮುಕ್ತಛಂದಕ್ಕೆ ಒಂದು ವಂಶಾವಳಿಯಿದೆ, ಒಂದು ಜಗಳದ ಚರಿತ್ರೆಯಿದೆ. ಅದನ್ನು ಮರೆತು ‘ಕೇರಿಯಿಂದ ನೇರವಾಗಿ ಪುಟಕ್ಕೆ ಹರಿದು ಬಂದ ಕವಿತೆ’ ಎಂದು ಬರೆಯುವಾಗ ನಾವು ಆ ಕವಿಯ ಓದನ್ನು, ಆಯ್ಕೆಯನ್ನು, ತಿದ್ದುವಿಕೆಯನ್ನು ಅಳಿಸಿ ಹಾಕುತ್ತೇವೆ. ನವ್ಯದ ಕವಿಗೆ ಪ್ರಜ್ಞಾಪೂರ್ವಕ ಪ್ರಯೋಗವನ್ನು ಬಿಟ್ಟುಕೊಟ್ಟು, ದಲಿತ ಕವಿಗೆ ಸಹಜ ಉದ್ಗಾರವನ್ನು ಮಾತ್ರ ಉಳಿಸುವ ಈ ಹಂಚಿಕೆಯಲ್ಲಿ ಜಾತಿಯ ಲೆಕ್ಕಾಚಾರವೇ ಅಡಗಿದೆ ಎಂದು ಹೇಳಲು ನಾನು ಹಿಂಜರಿಯುವುದಿಲ್ಲ.

‘ಗೋಲಪಿಠಾ’ಕ್ಕೆ ಮುನ್ನುಡಿ ಬರೆದವರು ನಾಟಕಕಾರ ವಿಜಯ ತೆಂಡೂಲ್ಕರ್. ಬರೆಯುವ ಮುನ್ನ ಅವರು ತಮಗೆ ಅರ್ಥವಾಗದ ಮಾತುಗಳನ್ನು ಢಸಾಳರಿಂದಲೇ ಕೇಳಿ ತಿಳಿದರು, ಅವರ ಜೊತೆ ಕಾಮಾಠಿಪುರದ ಬೀದಿಗಳಲ್ಲಿ ತಿರುಗಿದರು. ಬಿಳಿ ಬಟ್ಟೆಯ ನೌಕರವರ್ಗದ ಜಗತ್ತು ಮುಗಿಯುವಲ್ಲಿ ಈ ಕವಿತೆಗಳ ಜಗತ್ತು ಆರಂಭವಾಗುತ್ತದೆ ಎಂಬ ಆಶಯದ ಆ ಮುನ್ನುಡಿ ಪ್ರಾಮಾಣಿಕವಾದದ್ದು. ತಮಗೆ ಗೊತ್ತಿಲ್ಲದ್ದನ್ನು ಕಿರಿಯ ಕವಿಯೊಬ್ಬನ ಬಳಿ ಹೋಗಿ ಕಲಿತ ಹಿರಿಯ ಲೇಖಕರು ನಮ್ಮಲ್ಲಿ ವಿರಳ. ಆದರೆ ಅದೇ ಮುನ್ನುಡಿಯಿಂದ ಒಂದು ರೂಢಿಯೂ ಬೆಳೆಯಿತು. ಮುಂದಿನ ವಿಮರ್ಶಕರಲ್ಲಿ ಅನೇಕರು ಪುಸ್ತಕವನ್ನು ಆ ಪ್ರದೇಶದ ಮಾರ್ಗದರ್ಶಿಯಂತೆ ಓದಿದರು: ಇಲ್ಲಿ ವೇಶ್ಯೆಯರಿದ್ದಾರೆ, ಇಲ್ಲಿ ದಲ್ಲಾಳಿಗಳಿದ್ದಾರೆ, ಇಲ್ಲಿ ಹಸಿವಿದೆ, ಇಲ್ಲಿ ಕೊಳೆತ ನೀರಿದೆ. ಇರುವುದೇನೋ ನಿಜ. ಆದರೆ ಊರಿನ ವರದಿಗೆ ಪತ್ರಕರ್ತರು ಸಾಕಾಗಿದ್ದರು.

ಈಗ ಕವಿತೆಗಳಿಗೆ ಬರುತ್ತೇನೆ. ಅದೇ ಸಂಕಲನದಲ್ಲಿ, ಬಾಬಾಸಾಹೇಬ ಅಂಬೇಡ್ಕರರನ್ನು ಹೆಸರಿಸದೆ ಕುರಿತು ಬರೆದ ಒಂದು ಪುಟ್ಟ ಕವಿತೆಯಿದೆ. ಇಡೀ ಕವಿತೆ ನಾಲ್ಕು ಹೆಜ್ಜೆಗಳಲ್ಲಿ ಮುಗಿಯುತ್ತದೆ. ಪ್ರತಿ ಹೆಜ್ಜೆಯಲ್ಲೂ ಮೊದಲು ನಡೆದುಹೋದ ಒಂದು ಸಂಗತಿ, ಅದರ ಬೆನ್ನಿಗೆ ‘ಆತಾ ಆತಾ’ ಎಂದು ಶುರುವಾಗಿ ‘ಪಾಹಿಜೆ’ ಎಂದು ಮುಗಿಯುವ ಒಂದು ಸಂಕಲ್ಪ: ಈಗ, ಈಗಲೇ, ಇದಾಗಬೇಕು. ಸೂರ್ಯನಿಗೆ ಬೆನ್ನು ಮಾಡಿ ಶತಮಾನಗಳ ದಾರಿ ಸವೆಸಿದವರು ಮೊದಲ ಹೆಜ್ಜೆಯಲ್ಲಿ ‘ಅವರು’. ಕತ್ತಲೆಯನ್ನು ಹೊತ್ತು ಹೊತ್ತು ಗೂನಾದವನು ಎರಡನೆಯದರಲ್ಲಿ ‘ನಮ್ಮ ಅಪ್ಪ’. ವೈಭವದ ನಗರಕ್ಕಾಗಿ ಚೆಲ್ಲಿದ ನೆತ್ತರು ಮೂರನೆಯದರಲ್ಲಿ ‘ನಮ್ಮದೇ’. ಚರಿತ್ರೆ ದೂರದವರಿಂದ ತಂದೆಗೆ, ತಂದೆಯಿಂದ ಮಾತಾಡುತ್ತಿರುವವರ ಮೈಗೆ ಹತ್ತಿರ ಹತ್ತಿರ ಬರುತ್ತದೆ. ಆ ಮೂರೂ ಕಡೆ ಹಿಂದಿನ ಸಂಗತಿಯೆಂದರೆ ಕಳೆದುಕೊಂಡದ್ದು ಮಾತ್ರ. ನಾಲ್ಕನೆಯ ಹೆಜ್ಜೆಯಲ್ಲಿ, ಸಾವಿರಾರು ವರ್ಷಗಳ ನಂತರ, ಕೈಯಲ್ಲಿ ಸೂರ್ಯಕಾಂತಿಯನ್ನಿಡುವ ಫಕೀರನೊಬ್ಬ ದೊರಕುತ್ತಾನೆ. ಮೊದಲ ಬಾರಿಗೆ ದಕ್ಕಿದ್ದೊಂದು ಆ ಜಾಗದಲ್ಲಿ ಬಂದು ಕೂರುತ್ತದೆ. ಮೊದಲ ಸಾಲಿನಲ್ಲಿ ಬೆನ್ನಿಗಿದ್ದ ಸೂರ್ಯ ಕೊನೆಯ ಸಾಲಿನಲ್ಲಿ ಮುಖಕ್ಕೆ ಬರುತ್ತಾನೆ. ಅಷ್ಟೇ ಅಲ್ಲ, ಕೊನೆಯ ಸಂಕಲ್ಪಕ್ಕೆ ಮರಾಠಿಯ ಒತ್ತಿನ ‘ಚ’ ಸೇರಿ ‘ಝಾಲೇಚ ಪಾಹಿಜೆ’ ಎಂದಾಗುತ್ತದೆ. ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಘೋಷಣೆಯನ್ನು ಬಲ್ಲ ಗಡಿಭಾಗದವರ ಕಿವಿಗೆ ಆ ಮಾತಿನ ಹಿಂದೆ ಇಡೀ ಬೀದಿಯೇ ಕೂಗಿದಂತೆ ಕೇಳುತ್ತದೆ. 

ಒಂದೇ ಒಂದು ಬೈಗುಳವಿಲ್ಲದ ಕವಿತೆ ಇದು. ಶಬ್ದಗಳನ್ನು ಗಮನಿಸಿ: ಕತ್ತಲೆಯ ಯಾತ್ರಿಕರೆಂಬ ಅರ್ಥದ ಹೊಸ ಸಮಾಸವೊಂದು, ‘ಸೂರ್ಯೋನ್ಮುಖ’ ಎಂಬ ಅಚ್ಚ ಸಂಸ್ಕೃತ, ಗೂನಾದವನಿಗೆ ಕೇರಿಯವರು ಆಡುವ ಮಾತು, ಕಲ್ಲಿಗೆ ‘ಪತ್ಥರ್’, ಸಂತನಿಗೆ ‘ಫಕೀರ್’. ಒಂದು ಡಜನ್ ಸಾಲುಗಳೊಳಗೆ ನಾಲ್ಕು ಭಾಷಾಲೋಕಗಳು ಯಾವ ಮುಜುಗರವೂ ಇಲ್ಲದೆ ಒಟ್ಟಿಗೆ ಕುಳಿತಿವೆ. ಇಂಥದ್ದನ್ನು ಬೇಂದ್ರೆಯವರಲ್ಲಿ ಕಂಡಾಗ ನಾವು ಪುಟಗಟ್ಟಲೆ ಬರೆಯುತ್ತೇವೆ.

ಸಂಕಲನದ ಇನ್ನೊಂದು ಹೆಸರಾಂತ ಕವಿತೆ, ಮನುಷ್ಯನಾದವನು ಏನೇನು ಮಾಡಬೇಕು ಎಂದು ವಿಧಿಸುತ್ತ ಹೋಗುವ ದೀರ್ಘ ಕವಿತೆ, ಬಹಳ ಅಪಾರ್ಥಕ್ಕೆ ಒಳಗಾದದ್ದು. ಮನುಷ್ಯ ಮೊದಲು ತನ್ನನ್ನು ತಾನು ಪೂರ್ತಿ ಧ್ವಂಸ ಮಾಡಿಕೊಳ್ಳಬೇಕು ಎಂದು ಅದು ತೊಡಗುತ್ತದೆ. ಅಮಲು, ಬೈಗುಳ, ಲೂಟಿ, ಕೊಲೆ, ಪವಿತ್ರವಾದದ್ದರ ನಾಶ ಒಂದರ ಮೇಲೊಂದು ಬರುತ್ತವೆ. ಓದುಗನಿಗೆ ಉಸಿರಾಡಲು ಎಡೆಯಿಲ್ಲ. ಕೊನೆಗೆ, ಇಷ್ಟೆಲ್ಲ ಆದ ಮೇಲೆ ಉಳಿದವರು ಯಾರನ್ನೂ ಗುಲಾಮರನ್ನಾಗಿ ಮಾಡಬಾರದು, ಯಾರನ್ನೂ ಸುಲಿಯಬಾರದು, ಕರಿಯ ಬಿಳಿಯ ಎನ್ನಬಾರದು, ಆಕಾಶವನ್ನು ಅಜ್ಜನೆಂದೂ ಭೂಮಿಯನ್ನು ಅಜ್ಜಿಯೆಂದೂ ತಿಳಿದು ಬಾಳಬೇಕು, ಮನುಷ್ಯನ ಹಾಡನ್ನೇ ಹಾಡಬೇಕು ಎಂದು ಅದು ತಿರುಗುತ್ತದೆ. ಇದನ್ನು ಅಶ್ಲೀಲವೆನ್ನುವವರು ಮೊದಲ ಭಾಗವನ್ನು ಉದ್ಧರಿಸುತ್ತಾರೆ. ಸಮಾರಂಭಗಳಲ್ಲಿ ಕವಿಯನ್ನು ಮಾನವತಾವಾದಿಯೆಂದು ಪರಿಚಯಿಸುವವರು ಕೊನೆಯ ಸಾಲುಗಳನ್ನಷ್ಟೇ ಓದಿ ಕೂರುತ್ತಾರೆ. ಎರಡು ಭಾಗಗಳನ್ನು ಹೊಲಿದಿರುವ ದಾರವನ್ನು ಯಾರೂ ನೋಡುವುದಿಲ್ಲ. ಆ ದಾರ ವ್ಯಾಕರಣದಲ್ಲಿದೆ. ಕವಿತೆಯುದ್ದಕ್ಕೂ ಕ್ರಿಯಾಪದಗಳು ಮರಾಠಿಯ ವಿಧ್ಯರ್ಥದಲ್ಲಿವೆ. ಶಾಸ್ತ್ರಗ್ರಂಥಗಳು, ವ್ರತವಿಧಾನಗಳು, ನೀತಿಪಾಠಗಳು ಬಳಸುವ ‘ಹೀಗೆ ಮಾಡತಕ್ಕದ್ದು’ ಎಂಬ ರೂಪದಲ್ಲಿ. ಯಾರಿಗೆ ಸಾವಿರಾರು ವರ್ಷ ಈ ರೂಪದಲ್ಲೇ ಆಜ್ಞೆಗಳು ಬಂದವೋ ಅವರ ಮಗ ಅದೇ ರೂಪವನ್ನು ಎತ್ತಿಕೊಂಡು ಮೊದಲು ವಿನಾಶವನ್ನು, ಆಮೇಲೆ ಸಮಾನತೆಯನ್ನು ವಿಧಿಸುತ್ತಾನೆ. ಅರ್ಧ ಕತ್ತರಿಸಿದರೆ ಮೊದಲರ್ಧ ಹುಚ್ಚಾಟವಾಗುತ್ತದೆ, ಕೊನೆಯರ್ಧ ಶುಭಾಶಯ ಪತ್ರವಾಗುತ್ತದೆ. ಆದ್ದರಿಂದಲೇ ಈ ಕವಿತೆಯನ್ನು ತುಂಡು ಮಾಡಿ ಪಠ್ಯಕ್ಕೆ ಸೇರಿಸುವುದಕ್ಕಿಂತ ಸೇರಿಸದಿರುವುದು ಮೇಲು.

ಕನ್ನಡದ ಓದುಗರಿಗೆ ಈ ಕಥೆ ಹೊಸದಲ್ಲ. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದಾಗ, ಇದು ಘೋಷಣೆಯೋ ಕಾವ್ಯವೋ ಎಂಬ ಚರ್ಚೆ ಬಹುಕಾಲ ನಡೆಯಿತು. ಅದರಲ್ಲಿನ ‘ನನ್ನ ಜನಗಳು’ ಪದ್ಯ ಸತ್ತೋರು, ಹೊತ್ತೋರು ಎಂಬಂಥ ಕೃದಂತಗಳ ಸರಣಿಯ ಮೇಲೆ ನಿಂತಿದೆ. ಅಂಥ ಪ್ರತಿಯೊಂದು ಪದವೂ ಒಬ್ಬ ಮನುಷ್ಯನನ್ನು ಅವನು ಅನುಭವಿಸಿದ ಕ್ರಿಯೆಯಿಂದಲೇ ಹೆಸರಿಸುತ್ತದೆ ಎಂಬುದನ್ನು ಗುರುತಿಸಿ ಬರೆಯಲು ನಮ್ಮ ವಿಮರ್ಶೆಗೆ ಕಾಲ ಬೇಕಾಯಿತು. ಡಿ. ಆರ್. ನಾಗರಾಜರಂಥ ವಿಮರ್ಶಕರು ದಲಿತ ಸಾಹಿತ್ಯವನ್ನು ಆಕ್ರೋಶದ ಪೆಟ್ಟಿಗೆಯಿಂದ ಹೊರತೆಗೆದು, ಅದರ ಪುರಾಣಪ್ರಜ್ಞೆಯನ್ನು, ಸಾಂಸ್ಕೃತಿಕ ನೆನಪನ್ನು ಚರ್ಚೆಗೆ ತಂದದ್ದರಿಂದ ನಮ್ಮಲ್ಲಿ ದಾರಿ ಸ್ವಲ್ಪ ತೆರೆಯಿತು. ಮಹಾರಾಷ್ಟ್ರದ ದಲಿತ ಪ್ಯಾಂಥರ್ ಚಳವಳಿಯನ್ನು ಢಸಾಳರು ರಾಜಾ ಢಾಲೆ, ಜ. ವಿ. ಪವಾರ್ ಮೊದಲಾದವರೊಂದಿಗೆ ಕಟ್ಟಿದ ವರ್ಷವೂ 1972; ಅದರ ಸುದ್ದಿ ಕರ್ನಾಟಕದ ದಲಿತ ಯುವಕರಿಗೆ ಕೊಟ್ಟ ಹುರುಪು ನಮ್ಮ ಚಳವಳಿಯ ಚರಿತ್ರೆಯ ಭಾಗವೇ ಆಗಿದೆ. ಅಂಬಿಗರ ಚೌಡಯ್ಯನ ವಚನಗಳ ಬಿರುಸನ್ನು ಶತಮಾನಗಳಿಂದ ಓಲೆಗಳಲ್ಲಿ ಕಾಪಿಟ್ಟುಕೊಂಡು ಬಂದ ಭಾಷೆ ನಮ್ಮದು. ಛಂದಸ್ಸನ್ನು ಬಿಟ್ಟ ಸಾಲು ಲಯವನ್ನು ಬಿಟ್ಟಿರುವುದಿಲ್ಲ ಎಂಬುದನ್ನು ಭಾರತದಲ್ಲಿ ಯಾರಾದರೂ ಮೊದಲು ಅರಿಯಬೇಕಿದ್ದರೆ ಅವರು ಕನ್ನಡಿಗರೇ.

ಕವಿಯ ಬದುಕಿನ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗಲು ನನಗೆ ಇಷ್ಟವಿಲ್ಲ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಢಸಾಳರು ಇಂದಿರಾ ಗಾಂಧಿಯವರನ್ನು ಕುರಿತು ದೀರ್ಘ ಕವಿತೆ ಬರೆದರು. ಮುಂದೆ ಶಿವಸೇನೆಗೆ ಹತ್ತಿರವಾದರು, ಅದರ ಮುಖವಾಣಿಗೆ ಅಂಕಣ ಬರೆದರು. ಅವರ ಪತ್ನಿ, ಕವಯಿತ್ರಿ ಮಲ್ಲಿಕಾ ಅಮರ ಶೇಖ್, 1980ರ ದಶಕದಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ಆ ದಾಂಪತ್ಯದಲ್ಲಿ ತಾವುಂಡ ಹಿಂಸೆಯನ್ನು, ಕಾಯಿಲೆಯನ್ನು, ಒಂಟಿತನವನ್ನು ಮುಚ್ಚುಮರೆಯಿಲ್ಲದೆ ಬರೆದರು. 2016ರಲ್ಲಿ ಅದು ಜೆರ್ರಿ ಪಿಂಟೊ ಅವರ ಇಂಗ್ಲಿಷ್ ಅನುವಾದದಲ್ಲಿಯೂ ಬಂತು. ಢಸಾಳರನ್ನು ಪ್ರೀತಿಸುವ ವಿಮರ್ಶಕರಲ್ಲಿ ಹಲವರು ಈ ಪುಸ್ತಕದ ಮಾತೆತ್ತುವುದಿಲ್ಲ. ಅವರನ್ನು ತಿರಸ್ಕರಿಸುವವರಿಗೆ ಈ ಪುಸ್ತಕವೊಂದೇ ಸಾಕಾಗುತ್ತದೆ. ನಾನು ಇಬ್ಬರ ಜೊತೆಯೂ ನಿಲ್ಲಲಾರೆ. ವೇಶ್ಯಾವಾಟಿಕೆಯ ಹೆಣ್ಣುಗಳನ್ನು ಕುರಿತು ಮರಾಠಿಯಲ್ಲಿ ಹಿಂದೆಂದೂ ಇಲ್ಲದ ಮರುಕದಿಂದ ಬರೆದ ಕವಿತೆಗಳನ್ನು ಮಲ್ಲಿಕಾ ಅವರ ಬರಹದ ಪಕ್ಕದಲ್ಲಿಟ್ಟು ಓದಬೇಕು; ಆಗ ಆ ಮರುಕ ಎಲ್ಲಿಯವರೆಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ, ಹೆಣ್ಣಿನ ದೇಹ ಎಲ್ಲಿ ಒಬ್ಬ ವ್ಯಕ್ತಿಯಾಗಿ ಉಳಿಯುತ್ತದೆ, ಎಲ್ಲಿ ಬರಿಯ ರೂಪಕವಾಗಿಬಿಡುತ್ತದೆ ಎಂಬುದು ಸಾಲು ಸಾಲಿನಲ್ಲೇ ಕಾಣುತ್ತದೆ. ಅದು ಕಷ್ಟದ ಓದು. ಆದರೆ ವಿಮರ್ಶೆ ಮಾಡಬೇಕಾದ ಕೆಲಸವೂ ಅದೇ. ಬಡತನವನ್ನು ತೋರಿಸಿ ಕವಿತೆಗೆ ರಿಯಾಯಿತಿ ಕೊಡುವುದೂ ಬೇಡ, ಬದುಕನ್ನು ತೋರಿಸಿ ಕವಿತೆಗೆ ಬಹಿಷ್ಕಾರ ಹಾಕುವುದೂ ಬೇಡ.

ಢಸಾಳರು ಬರೆದದ್ದೆಲ್ಲ ಗೆದ್ದಿದೆಯೆಂದು ನಾನು ವಾದಿಸುತ್ತಿಲ್ಲ. ನಂತರದ ಕೆಲವು ದೀರ್ಘ ಕವಿತೆಗಳಲ್ಲಿ ಪಟ್ಟಿ ಬೆಳೆಯುತ್ತದೆಯೇ ಹೊರತು ಕವಿತೆ ಮುಂದೆ ಸರಿಯುವುದಿಲ್ಲ. ರಾಜಕೀಯ ವ್ಯಕ್ತಿಗಳನ್ನು ಹೊಗಳುವಲ್ಲಿ ಭಾಷೆ ಸಡಿಲಾಗುತ್ತದೆ. ಇಂಥ ಮಾತನ್ನು ಹೇಳಲು ಅವಕಾಶವಿರುವುದು ಕವಿತೆಗೆ ಕಟ್ಟೋಣವಿದೆ ಎಂದು ಒಪ್ಪಿಕೊಂಡವರಿಗೆ ಮಾತ್ರ. ಎಲ್ಲವೂ ಆಕ್ರೋಶ, ಎಲ್ಲವೂ ಹಸಿ ಸತ್ಯ ಎನ್ನುವವರು ‘ಗೋಲಪಿಠಾ’ದ ಬಿಗುವನ್ನೂ ಕೊನೆಯ ದಿನಗಳ ಜಾಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾಗುತ್ತದೆ.

ಇಂಗ್ಲಿಷ್ ಓದುಗರಿಗೆ ಢಸಾಳರು ದೊರಕಿದ್ದು ಮುಖ್ಯವಾಗಿ ದಿಲೀಪ ಚಿತ್ರೆಯವರಿಂದ. 2007ರಲ್ಲಿ ನವಯಾನ ಎಂಬ ಸಣ್ಣ ಪ್ರಕಾಶನ ಸಂಸ್ಥೆ ಅವರ ಅನುವಾದಗಳನ್ನು ಪ್ರಕಟಿಸಿತು. ತುಕಾರಾಮನ ಅಭಂಗಗಳನ್ನು ಇಂಗ್ಲಿಷಿಗೆ ತಂದವರೂ ಇದೇ ಚಿತ್ರೆ ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಹದಿನೇಳನೆಯ ಶತಮಾನದ ಸಂತನಲ್ಲಿಯೂ ಕಾಮಾಠಿಪುರದ ಕವಿಯಲ್ಲಿಯೂ ಒಂದೇ ನಿಷ್ಠೆಯಿಂದ ಸಾಲಿನ ಉಸಿರನ್ನು ಹುಡುಕಿದ ಅನುವಾದಕ ಅವರು. ‘ಗೋಲಪಿಠಾ’ವನ್ನು ಎಲಿಯಟ್ಟನ ‘ದಿ ವೇಸ್ಟ್ ಲ್ಯಾಂಡ್’ ಜೊತೆ ಹೋಲಿಸಲು ಅವರು ಹಿಂಜರಿಯಲಿಲ್ಲ. ಆ ಹೋಲಿಕೆಯನ್ನು ಒಪ್ಪಬೇಕಾಗಿಲ್ಲ. ಆದರೆ ಅಷ್ಟು ದೊಡ್ಡ ಅಳತೆಗೋಲನ್ನು ಹಿಡಿಯುವಷ್ಟು ಗಂಭೀರವಾಗಿ ಆ ಕವಿತೆಗಳನ್ನು ತೆಗೆದುಕೊಂಡರಲ್ಲ, ಆ ಗಾಂಭೀರ್ಯ ನಮಗೂ ಬೇಕು.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆಗಳು ಇವು. ಭಾರತೀಯ ಸಾಹಿತ್ಯದ ಪಠ್ಯದಲ್ಲಿ ಢಸಾಳರನ್ನು ಸೇರಿಸುವ ಪಠ್ಯ ಸಮಿತಿಗಳು ಇಡೀ ಕವಿತೆಗಳನ್ನು ಕೊಡಲಿ, ಆಯ್ದ ಸಾಲುಗಳನ್ನಲ್ಲ. ಅನುವಾದಕರು ಸಾಧ್ಯವಾದಷ್ಟೂ ಮರಾಠಿಯಿಂದಲೇ ಅನುವಾದಿಸಲಿ. ಬೆಳಗಾವಿ, ವಿಜಯಪುರ, ಬೀದರ್, ಕಲಬುರಗಿ, ಸೊಲ್ಲಾಪುರ ಕಡೆ ಎರಡೂ ಭಾಷೆಗಳಲ್ಲಿ ಬದುಕುವ ಓದುಗರಿರುವಾಗ ಇಂಗ್ಲಿಷಿನ ಮೂಲಕ ಸುತ್ತು ಹಾಕಿ ಬರುವ ಅಗತ್ಯವಿಲ್ಲ. ಬೈಗುಳವಿದ್ದ ಕಡೆ ಚುಕ್ಕಿಗಳನ್ನಿಡಬೇಡಿ, ಬದಲಿಗೆ ಅರ್ಥಕೋಶವೊಂದನ್ನು ಕೊಡಿ; ತೆಂಡೂಲ್ಕರರಂಥವರೇ ಕೇಳಿ ತಿಳಿದುಕೊಂಡದ್ದನ್ನು ಇಪ್ಪತ್ತರ ವಿದ್ಯಾರ್ಥಿ ಕೇಳಿ ತಿಳಿಯುವುದರಲ್ಲಿ ಅವಮಾನವೇನೂ ಇಲ್ಲ. ಪರೀಕ್ಷೆಯಲ್ಲಿ ‘ಢಸಾಳರ ಕಾವ್ಯದಲ್ಲಿ ದಲಿತ ಆಕ್ರೋಶ’ ಎಂಬ ಟಿಪ್ಪಣಿಯನ್ನು ಕೈಬಿಟ್ಟು, ಒಂದು ಕವಿತೆಯನ್ನು ಮುಂದಿಟ್ಟು ಅದು ಹೇಗೆ ಚಲಿಸುತ್ತದೆ ಎಂದು ಕೇಳಿ. ಮಲ್ಲಿಕಾ ಅಮರ ಶೇಖ್ ಅವರ ಕವಿತೆಯನ್ನೂ ಗದ್ಯವನ್ನೂ ಅದೇ ಘಟಕದಲ್ಲಿಡಿ.

ಇನ್ನು ವಿಮರ್ಶಕರಲ್ಲಿ ಒಂದು ಮಾತು. ಇಂದು ಕೂಡ ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಸಾಲ ಮಾಡಿ ಐನೂರು ಪ್ರತಿ ಅಚ್ಚು ಹಾಕಿಸುವ ಯುವಕವಿಗಳಿದ್ದಾರೆ, ಕಿರುಪತ್ರಿಕೆ ನಡೆಸಿ ಕೈಸುಟ್ಟುಕೊಳ್ಳುವ ಗೆಳೆಯರ ಗುಂಪುಗಳಿವೆ. ‘ಸಂಕ್ರಮಣ’, ‘ಶೂದ್ರ’, ‘ಪಂಚಮ’ಗಳನ್ನು ಅಭಿಮಾನದಿಂದ ನೆನೆಯುವ ನಾವು ಅವರ ವಾರಸುದಾರರ ಪುಸ್ತಕ ಅಂಚೆಯಲ್ಲಿ ಬಂದಾಗ ‘ಹಸಿಯಾಗಿದೆ, ಪಳಗಬೇಕು’ ಎಂದೋ ‘ಹಸಿಯಾಗಿದೆ, ಅದೇ ಇದರ ಶಕ್ತಿ’ ಎಂದೋ ಎರಡು ಸಾಲು ಬರೆದು ಮುಗಿಸುತ್ತೇವೆ. ಅದರ ಬದಲು ಆ ಪುಸ್ತಕದ ಒಂದು ಕವಿತೆಯನ್ನು ಎತ್ತಿಕೊಂಡು, ಸಾಲು ಎಲ್ಲಿ ಮುರಿದಿದೆ, ಯಾಕೆ ಅಲ್ಲೇ ಮುರಿದಿದೆ, ಬೈಗುಳ ಯಾರ ಬಾಯಿಂದ ಯಾರಿಗೆ ಹೊರಟಿದೆ, ಆ ಜಾಗದಲ್ಲಿ ಬೇರೆ ಮಾತು ನಿಲ್ಲುತ್ತಿತ್ತೇ ಎಂದು ಅರ್ಧ ಪುಟ ಬರೆದುಕೊಡಿ. ಕವಿತೆ ಸೋತಿದ್ದರೆ ಎಲ್ಲಿ ಸೋತಿದೆ ಎಂದು ಅಷ್ಟೇ ನಿಖರವಾಗಿ ಹೇಳಿ. 2014ರ ಜನವರಿ 15ರಂದು ಮುಂಬಯಿಯಲ್ಲಿ ತೀರಿಕೊಂಡ ಢಸಾಳರಿಗೆ ನಮ್ಮ ಓದಿನಿಂದ ಇನ್ನು ಆಗಬೇಕಾದದ್ದೇನೂ ಇಲ್ಲ. ಆದರೆ ಈಗ ಬರೆಯುತ್ತಿರುವವರು ತಮ್ಮ ಮುಂದಿನ ಪುಸ್ತಕಕ್ಕೆ ಮುನ್ನ ಅಂಥ ಅರ್ಧ ಪುಟಕ್ಕಾಗಿ ಕಾಯುತ್ತಿದ್ದಾರೆ.

ಗೌರವಪೂರ್ವಕವಾಗಿ,
ಎರಡೂ ಭಾಷೆಗಳ ಒಬ್ಬ ಓದುಗ